ಒಂದನೇ ತರಗತಿಗೆ ಮಕ್ಕಳಿಲ್ಲ: ಹೆರಿಗೆ ಕಮ್ಮಿಯಾದದ್ದಾ, ಕನ್ನಡ ಬಿಟ್ಟದ್ದಾ?

ಎಣ್ಮಕಜೆಯವ (ಪ್ರಶ್ನೆ)

ನಮ್ಮ ಕಡೆಯ, ಅಂದರೆ ಕೇರಳದ ಕಾಸರಗೋಡು ಜಿಲ್ಲೆಯ ಕರ್ನಾಟಕ ಗಡಿಯ, ಒಂದು ಅನುದಾನಿತ ಕನ್ನಡ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಯ ಪಿಟಿಎಯಿಂದ (ಹೆತ್ತವರ-ಟೀಚರರ ಸಂಘ) ಪಂಚಾಯತಿಗೂ ಎಇಒ (ಉಪಜಿಲ್ಲಾ ಶಿಕ್ಷಣಾಧಿಕಾರಿ) ಕಚೇರಿಗೂ ಒಂದು ಮನವಿ ಕೊಡಲಿಕ್ಕುಂಟು. ಒಂದನೇ ತರಗತಿಗೆ ಬರುವ ಮಕ್ಕಳು ಬೆರಳೆಣಿಕೆ. ತರಗತಿಗೆ ಸರಾಸರಿ 15ರ ಕೆಳಗೆ ಇಳಿದರೆ ಶಾಲೆ ‘ಅನ್‌ಇಕನಾಮಿಕ್’ ಪಟ್ಟಿಗೆ ಬೀಳ್ತದೆ, ಆಮೇಲೆ ಟೀಚರ್ ನಿವೃತ್ತರಾದರೆ ದಿನಗೂಲಿಯವರೇ ಗತಿ. ಇದು ಇಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ.

ಕರಡು ಬರೆಯಲಿಕ್ಕೆ ಕೂತಾಗ ಕಮಿಟಿಯಲ್ಲಿ ಒಬ್ಬೊಬ್ಬರದು ಒಂದೊಂದು ಕಾರಣ. ‘ನಮ್ಮವರು ಹೆರುವುದು ಬಿಟ್ಟರು, ಅವರು ಬಿಡಲಿಲ್ಲ’ ಅಂತ ಒಬ್ಬರು (‘ಅವರು’ ಅಂದರೆ ಮುಸ್ಲಿಮರು). ‘ಹುಡುಗಿಯರು ಓದಿ ಬೆಂಗಳೂರು ಸೇರಿದರು, ತೋಟದ ಮನೆಗೆ ಮದುವೆಯಾಗಿ ಬರುವವರಿಲ್ಲ’ ಅಂತ ಇನ್ನೊಬ್ಬರು. ಮಕ್ಕಳೇನೋ ಇದ್ದಾರೆ, ಬೆಳಿಗ್ಗೆ ಎಲ್ಲ ಸಿಬಿಎಸ್‌ಇ ಬಸ್ ಹತ್ತುತ್ತಾರೆ ಅಂತ ಮೂರನೆಯವರು. ಕಡೆಗೆ ಪಂಚಾಯತಿಯ ಜನನ ರಿಜಿಸ್ಟರಿನಿಂದ ಹತ್ತು ವರ್ಷದ ಲೆಕ್ಕ ತೆಗೆಸಿ, ಧರ್ಮವಾರು ಬಿಡಿಸಿ ಮನವಿಗೆ ಲಗತ್ತಿಸುವ ಅಂತ ಒಂದು ಸಲಹೆ ಬಂದಿದೆ. ಇದು ಸರಿಯಾದ ದಾರಿಯಾ? ಲೆಕ್ಕ ಗೊತ್ತಿದ್ದವರು ದಯವಿಟ್ಟು ಹೇಳಿ. ಭಾಷಣ ಬೇಡ.

ಲೆಕ್ಕದ ಮಾಷ್

ಜನನ ರಿಜಿಸ್ಟರ್ ತೆಗೆಸುವ ಕೆಲಸ ಮೊದಲು ಬಿಡಿ. 1969ರ ಜನನ-ಮರಣ ನೋಂದಣಿ ಕಾಯ್ದೆಯಲ್ಲಿ ಮಗು ಎಲ್ಲಿ ಹುಟ್ಟಿತೋ ಅಲ್ಲೇ ನೋಂದಣಿ. ತಂದೆ-ತಾಯಿ ಎಲ್ಲಿಯವರು ಅಂತ ಇಲ್ಲ. ಗಡಿಯ ಪಂಚಾಯತಿಗಳ ಹೆರಿಗೆ ಬಹಳಷ್ಟು ಆಗುವುದು ಮಂಗಳೂರಿನಲ್ಲಿ, ಸ್ವಲ್ಪ ಪುತ್ತೂರಿನಲ್ಲಿ. ಸರ್ಟಿಫಿಕೇಟ್ ಕರ್ನಾಟಕದ್ದು ಬರ್ತದೆ. ನಿಮ್ಮ ಪಂಚಾಯತಿ ರಿಜಿಸ್ಟರಿನಲ್ಲಿ ಹೆರಿಗೆ ಕಮ್ಮಿ ಕಂಡರೆ ಮಕ್ಕಳೇ ಹುಟ್ಟಲಿಲ್ಲ ಅಂತ ಅರ್ಥ ಅಲ್ಲ, ಊರಲ್ಲಿ ಹೆರಿಗೆ ಆಸ್ಪತ್ರೆ ಇಲ್ಲ ಅಂತ ಅರ್ಥ. ನೋಂದಣಿಯ ನಮೂನೆ 1ರಲ್ಲಿ ಅಂಕಿಅಂಶದ ಭಾಗ ಬೇರೆಯೇ ಉಂಟು. ತಾಯಿಯ ಖಾಯಂ ವಾಸಸ್ಥಳ, ವಿದ್ಯಾಭ್ಯಾಸ, ಮದುವೆಯಾದಾಗಿನ ವಯಸ್ಸು, ಇದು ಎಷ್ಟನೇ ಮಗು ಎಲ್ಲ ಅದರಲ್ಲಿ ಬರೆಸ್ತಾರೆ. ಆದರೆ ಆ ಭಾಗ ಮೇಲಿನ ಕಚೇರಿಗೆ ಹೋಗ್ತದೆ, ಪಂಚಾಯತಿಯ ಪುಸ್ತಕದಲ್ಲಿ ನಿಮಗೆ ಸಿಗುವುದಿಲ್ಲ.

ಇದರ ಮೇಲೆ ಬಾಣಂತನದ ತಿರುಗಾಟ. ವಿಟ್ಲಕ್ಕೆ ಮದುವೆಯಾಗಿ ಹೋದವಳು ಹೆರಿಗೆಗೆ ಪೆರ್ಲದ ತವರಿಗೆ ಬರ್ತಾಳೆ, ಪೆರ್ಲದ ಸೊಸೆ ಸುಳ್ಯದ ತವರಿಗೆ ಹೋಗ್ತಾಳೆ.

ನೀವು ಮಾಡಬೇಕಾದದ್ದು ಇಷ್ಟು. ಶಾಲೆಗೆ ಮಕ್ಕಳು ಬರುವ ವಾರ್ಡುಗಳ ಅಂಗನವಾಡಿಗಳಲ್ಲಿ ಮನೆಮನೆ ಸರ್ವೆ ರಿಜಿಸ್ಟರ್ ಇರ್ತದೆ, 0–6 ವಯಸ್ಸಿನ ಎಲ್ಲ ಮಕ್ಕಳ ಹೆಸರು ಅದರಲ್ಲಿ. ಒಂದು ವರ್ಷದ ಮಕ್ಕಳನ್ನು ಗುಂಪಾಗಿ ಹಿಡಿಯಿರಿ. 2025ರ ಜೂನ್‌ನಲ್ಲಿ 5 ತುಂಬಿ ಒಂದನೇ ತರಗತಿಗೆ ಸೇರಿದವರು 2019ರ ಜೂನ್‌ನಿಂದ 2020ರ ಮೇ ಒಳಗೆ ಹುಟ್ಟಿದವರು. ಅದರ ಮರುವರ್ಷದವರು ಕೋವಿಡ್ ಕಾಲದವರು, ಆ ಒಂದು ಗುಂಪನ್ನೇ ನೋಡಿ ಗಾಬರಿಯಾಗಬೇಡಿ. ಸೇರ್ಪಡೆಯ ವಯಸ್ಸು 5ರಿಂದ 6ಕ್ಕೆ ಸರಿಯುವ ವರ್ಷವೂ ಹಾಗೆಯೇ. ಆ ಸಲ ತರಗತಿ ಖಾಲಿ ಕಂಡರೆ ಅದು ನಿಯಮದ ಪರಿಣಾಮ, ಹೆರಿಗೆಯದ್ದಲ್ಲ.

ಪ್ರತಿ ಮಗುವಿನ ಮುಂದೆ ನಾಲ್ಕರಲ್ಲಿ ಒಂದು ಗುರುತು: ನಿಮ್ಮ ಶಾಲೆ, ಬೇರೆ ಸರಕಾರಿ-ಅನುದಾನಿತ ಶಾಲೆ, ಇಂಗ್ಲಿಷ್ ಮೀಡಿಯಂ, ಊರು ಬಿಟ್ಟವರು. ಹತ್ತು ವರ್ಷ ಹಿಂದಿನದಕ್ಕೆ ಹಳೆಯ ಪ್ರವೇಶ ರಿಜಿಸ್ಟರೂ ಅಂಗನವಾಡಿಯ ಹಳೆಯ ಪುಸ್ತಕವೂ ಸಾಕು. ಆಮೇಲೆ ಲೆಕ್ಕ ಸುಲಭ. ಉದಾಹರಣೆಗೆ ಸುಮ್ಮನೆ ಅಂಕೆ ಇಟ್ಟುಕೊಳ್ಳುವ. ಹಿಂದೆ ವಾರ್ಡುಗಳಲ್ಲಿ 60 ಮಕ್ಕಳು, ನಿಮ್ಮಲ್ಲಿಗೆ 30. ಈಗ 45 ಮಕ್ಕಳು, ನಿಮ್ಮಲ್ಲಿಗೆ 12. ಕಮ್ಮಿಯಾದದ್ದು 18. ಹಿಂದಿನ ಹಾಗೆಯೇ ಅರ್ಧ ಮಕ್ಕಳು ಬಂದಿದ್ದರೆ 22–23 ಇರಬೇಕಿತ್ತು. ಹಾಗಾಗಿ ಹೆರಿಗೆ ಇಳಿದದ್ದರ ಪಾಲು ಏಳೂವರೆ, ಬೇರೆ ಕಡೆ ಹೋದದ್ದರ ಪಾಲು ಹತ್ತೂವರೆ. ಕಮಿಟಿಯ ಮೂರು ವಾದಕ್ಕೂ ಇಲ್ಲಿ ಜಾಗ ಉಂಟು, ಯಾರಿಗೆ ಎಷ್ಟು ಅಂತ ನಿಮ್ಮ ಪಟ್ಟಿಯೇ ಹೇಳ್ತದೆ.

ಒಂದು ವಾರ್ಡಿನಲ್ಲಿ ವರ್ಷಕ್ಕೆ 30 ಮಕ್ಕಳು ಹುಟ್ಟುವಲ್ಲಿ ಒಂದು ವರ್ಷ 22, ಇನ್ನೊಂದು ವರ್ಷ 38 ಆಗುವುದು ಬರೀ ಆಕಸ್ಮಿಕ. ಮೂರು ವರ್ಷದ ಸರಾಸರಿ ಇಲ್ಲದೆ ಏನೂ ಬರೆಯಬೇಡಿ.

ಸಬ್‌ಸೆಂಟರ್ ಸಿಸ್ಟರ್

ಮಾಷ್ ಹೇಳಿದ್ದು ಸರಿ. ಅಂಗನವಾಡಿಯ ಪುಸ್ತಕ ಕೈಗೆ ಸಿಗದಿದ್ದರೆ ಸಬ್‌ಸೆಂಟರಿನ (ಊರಿನ ಆರೋಗ್ಯ ಉಪಕೇಂದ್ರ) ಚುಚ್ಚುಮದ್ದಿನ ಲೆಕ್ಕ ಕೇಳಿ. ಅದರಲ್ಲಿಯೂ ಯಾವ ಚುಚ್ಚುಮದ್ದು ಅಂತ ನೋಡಬೇಕು. ಹುಟ್ಟಿದಾಗ ಕೊಡುವ ಬಿಸಿಜಿ ಮಂಗಳೂರಿನ ಆಸ್ಪತ್ರೆಯಲ್ಲೇ ಮುಗಿದಿರ್ತದೆ, ಆರು ವಾರದ ಪೆಂಟಾವಲೆಂಟ್ ತವರಿನಲ್ಲಿ ಆಗಿರ್ತದೆ. ಒಂಬತ್ತು ತಿಂಗಳು ತುಂಬಿದ ಮೇಲಿನ ಎಂಆರ್ (ದಡಾರ-ರುಬೆಲ್ಲಾ) ಮೊದಲ ಡೋಸ್ ಹಿಡಿಯಿರಿ. ಅಷ್ಟರಲ್ಲಿ ಬಾಣಂತನ ಮುಗಿದು ತಾಯಿ-ಮಗು ಗಂಡನ ಮನೆಗೆ ಬಂದಾಗಿರ್ತದೆ. ಹೆಸರು ಬೇಡ, ವಾರ್ಡುವಾರು ಸಂಖ್ಯೆ ಸಾಕು ಅಂತ ಬರೆದು ಕೊಟ್ಟರೆ ಕೊಡಲಿಕ್ಕೆ ಯಾರೂ ಅಂಜುವುದಿಲ್ಲ.

ಉಪ್ಪಳ ಗೇಟ್

‘ಅವರು ಬಿಡಲಿಲ್ಲ’ ಅನ್ನುವುದಕ್ಕೆ ಅಂಕೆಯಲ್ಲೇ ಉತ್ತರ ಉಂಟು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೊದಲ ಸುತ್ತು 1992–93ರದ್ದು. ಆಗ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳು ಹಿಂದೂಗಳಲ್ಲಿ 3.3, ಮುಸ್ಲಿಮರಲ್ಲಿ 4.4. ಐದನೇ ಸುತ್ತು 2019–21ರದ್ದು. ಹಿಂದೂಗಳಲ್ಲಿ 1.94, ಮುಸ್ಲಿಮರಲ್ಲಿ 2.36. ಅಂತರ 1.1 ಇದ್ದದ್ದು 0.4ಕ್ಕೆ ಬಂತು, ಅಂದರೆ ಹೆಚ್ಚು ಇಳಿದದ್ದು ಮುಸ್ಲಿಮರಲ್ಲೇ. ಜೈನರು, ಸಿಖ್ಖರು 1.6ರ ಆಸುಪಾಸು, ಬೌದ್ಧರು 1.39. ಕೇರಳದ ಮುಸ್ಲಿಮರ ದರ ಬಿಹಾರದ ಹಿಂದೂಗಳ ದರಕ್ಕಿಂತ ಕಮ್ಮಿ. ಧರ್ಮವೇ ಹೆರಿಸುವುದಾದರೆ ಹೀಗೆ ಆಗಬಾರದಿತ್ತು. ಅದೇ ಸಮೀಕ್ಷೆಯಲ್ಲಿ ಶಾಲೆಗೇ ಹೋಗದ ಹೆಂಗಸರಿಗೆ 2.8 ಮಕ್ಕಳು, ಹನ್ನೆರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಓದಿದವರಿಗೆ 1.8. ಈ ಇಳಿಜಾರು ಎಲ್ಲ ಧರ್ಮದ ಒಳಗೂ ಕಾಣ್ತದೆ.

ಇರಾನ್ ನೋಡಿ. ಮೌಲ್ವಿಗಳದ್ದೇ ಸರಕಾರ. 1980ರ ದಶಕದ ಮೊದಲಲ್ಲಿ ಆರಕ್ಕೂ ಮೇಲಿದ್ದದ್ದು 2000ದ ಹೊತ್ತಿಗೆ ಹೆಚ್ಚುಕಮ್ಮಿ ಎರಡಕ್ಕೆ ಇಳಿಯಿತು. 1989ರ ನಂತರ ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ ಗರ್ಭನಿರೋಧಕ ಬಿಟ್ಟಿ, ಮದುವೆಗೆ ಮೊದಲು ಕುಟುಂಬ ಯೋಜನೆಯ ಪಾಠ ಕಡ್ಡಾಯ, ಹುಡುಗಿಯರು ಶಾಲೆ-ಕಾಲೇಜಿಗೆ. ಆಮೇಲೆ ಅದೇ ಸರಕಾರ ಹೆದರಿ 2021ರಲ್ಲಿ ಹೆಚ್ಚು ಹೆರಿ ಅಂತ ಕಾನೂನು ತಂದಿತು, ದರ ಮಾತ್ರ ಎರಡರ ಕೆಳಗೇ ಉಳಿಯಿತು.

ನಮ್ಮದೇ ಜಿಲ್ಲೆಯ ಮೂಡು ಬದಿ ನೋಡಿ. ವೆಳ್ಳರಿಕುಂಡು, ರಾಜಪುರದ ಕಡೆ ತಿರುವಾಂಕೂರಿನಿಂದ ವಲಸೆ ಬಂದ ಕ್ರೈಸ್ತರು. ಅವರ ಮೂಲದ ಸೀಮೆಯಲ್ಲಿ ಪಾಲಾ ಧರ್ಮಪ್ರಾಂತ 2021ರಲ್ಲಿ 5 ಮಕ್ಕಳಿದ್ದ ಕುಟುಂಬಕ್ಕೆ ತಿಂಗಳಿಗೆ 1,500 ರೂಪಾಯಿ ಅಂತ ಘೋಷಿಸಿತು. ತಿಂಗಳಿಗೆ 1,500ಕ್ಕೆ ಯಾರು ಐದು ಹೆರ್ತಾರೆ ಮಾರಾಯ್ರೆ! 2024ರ ಡಿಸೆಂಬರಿನಲ್ಲಿ ಆರ್‌ಎಸ್‌ಎಸ್ ಸರಸಂಘಚಾಲಕ ಮೋಹನ್ ಭಾಗವತರು ಮೂರು ಮಕ್ಕಳು ಬೇಕು ಅಂದರು. ಅಲ್ಲಿಗೆ ಬಿಷಪ್ಪರೂ ಭಾಗವತರೂ ಒಂದೇ ಮಾತು ಹೇಳಿದ ಹಾಗಾಯಿತು, ಹೆರಬೇಕಾದವರನ್ನು ಕೇಳದೆ.

ಕೊನೆಗೊಂದು. ಮಂಜೇಶ್ವರ ಉಪಜಿಲ್ಲೆಯ ಕನ್ನಡ ಮೀಡಿಯಂ ತರಗತಿಗಳಲ್ಲಿ ಬ್ಯಾರಿ (ಕರಾವಳಿಯ ಮುಸ್ಲಿಂ) ಮಕ್ಕಳೂ ಇದ್ದಾರೆ. ಧರ್ಮವಾರು ಪಟ್ಟಿ ಲಗತ್ತಿಸಿದ ಮನವಿಗೆ ಆ ಮಕ್ಕಳ ಅಪ್ಪ-ಅಮ್ಮ ಯಾಕೆ ಸಹಿ ಹಾಕಬೇಕು?

ಲೆಕ್ಕದ ಮಾಷ್

ಉಪ್ಪಳದವರ ಮಾತಿಗೆ ಒಂದು ತಾಂತ್ರಿಕ ಸೇರ್ಪಡೆ. ಧರ್ಮವಾರು ಹೆರಿಗೆಯ ಎಣಿಕೆ ಸರಿಯಾಗಿಯೇ ಸಿಕ್ಕಿದರೂ ಅದು ‘ದರ’ ಆಗುವುದಿಲ್ಲ, ವಯಸ್ಸು ನೋಡಬೇಕು. ಎರಡು ಗುಂಪು, ಎರಡರಲ್ಲೂ 15–49ರ ಸಾವಿರ ಹೆಂಗಸರು, ಎರಡರಲ್ಲೂ ಹೆರುವ ರೀತಿ ಒಂದೇ ಅಂತಿಟ್ಟುಕೊಳ್ಳಿ: 20–29ರವರಲ್ಲಿ ವರ್ಷಕ್ಕೆ ನೂರಕ್ಕೆ 13, 30–39ರವರಲ್ಲಿ ನೂರಕ್ಕೆ 5, ಉಳಿದವರಲ್ಲಿ ಇಲ್ಲ. ಒಟ್ಟು ಫಲವತ್ತತೆ ದರ (ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳು) 10 × 0.13 ಮತ್ತು 10 × 0.05 ಕೂಡಿ 1.8. ಮೊದಲ ಗುಂಪಿನಲ್ಲಿ ಇಪ್ಪತ್ತರ ದಶಕದವರು 350, ಮೂವತ್ತರವರು 250 ಇದ್ದರೆ ವರ್ಷಕ್ಕೆ 58 ಮಕ್ಕಳು. ಎರಡನೆಯದರಲ್ಲಿ 220 ಮತ್ತು 300 ಇದ್ದರೆ 44 ಮಕ್ಕಳು. ದರ ಒಂದೇ, ಮಕ್ಕಳಲ್ಲಿ 14ರ ವ್ಯತ್ಯಾಸ. ಪ್ರಾಯದವರು ಮಂಗಳೂರು-ಬೆಂಗಳೂರಿಗೆ ಹೋದ ಸಮುದಾಯ ಎರಡನೇ ಗುಂಪಿನ ಹಾಗೆ ಕಾಣ್ತದೆ. ಅವರು ಅಲ್ಲಿ ಹೆರ್ತಾರೆ, ಅಲ್ಲಿಯ ಲೆಕ್ಕಕ್ಕೆ ಸೇರ್ತದೆ.

ಅಂಕೆ ಹೋಲಿಸುವಾಗ ಇನ್ನೊಂದು ಎಡವಟ್ಟು ಆಗ್ತದೆ. ಕೇರಳಕ್ಕೆ ಕುಟುಂಬ ಸಮೀಕ್ಷೆ 1.8 ಹೇಳಿದರೆ ಎಸ್‌ಆರ್‌ಎಸ್ (ಸರಕಾರದ ವಾರ್ಷಿಕ ಮಾದರಿ ನೋಂದಣಿ ಸಮೀಕ್ಷೆ) 1.5 ಹೇಳ್ತದೆ. ಒಂದು ಹಿಂದಿನ ಮೂರು ವರ್ಷದ ಸರಾಸರಿ, ಇನ್ನೊಂದು ವರ್ಷ ವರ್ಷದ್ದು, ಮಾದರಿಯೂ ಬೇರೆ. ಒಂದರದ್ದು ‘ಹಿಂದೆ’, ಇನ್ನೊಂದರದ್ದು ‘ಈಗ’ ಅಂತ ಜೋಡಿಸಿದರೆ ಏರಿಳಿತ ಹುಟ್ಟಿಕೊಳ್ತದೆ, ಮಕ್ಕಳಂತೂ ಹುಟ್ಟುವುದಿಲ್ಲ. ಒಟ್ಟು ರಾಜ್ಯದ ಸಂಗತಿ ಬೇಕಿದ್ದರೆ ನೋಂದಣಿಯ ಎಣಿಕೆಯೇ ಸಾಕು: 2014ರಲ್ಲಿ 5.34 ಲಕ್ಷ ಹೆರಿಗೆ, 2023ರಲ್ಲಿ 3.93 ಲಕ್ಷ. ಕೇರಳ ಎರಡು ಮಕ್ಕಳ ಮಟ್ಟಕ್ಕೆ ಇಳಿದದ್ದು 1988ರ ಸುಮಾರಿಗೇ. ಈಗ ಹೆರುವ ಪ್ರಾಯದವರು ಆ ಇಳಿಕೆಯ ನಂತರ ಹುಟ್ಟಿದ ಸಣ್ಣ ಗುಂಪಿನವರು, ಹಾಗಾಗಿ ದರ ಹಾಗೇ ನಿಂತರೂ ಹೆರಿಗೆಯ ಸಂಖ್ಯೆ ಇಳೀತಾ ಹೋಗ್ತದೆ.

ಸಬ್‌ಸೆಂಟರ್ ಸಿಸ್ಟರ್

ಈಗ ಎರಡನೇ ವಾದಕ್ಕೆ ಬರುವ, ಹುಡುಗಿಯರು ಓದಿದ್ದು. ಓದಿದ್ದು ಒಂದು ಕಾರಣ ಹೌದು. ಆದರೆ ಓದಿದ ಮೇಲೆ ಮನೆಯೊಳಗೆ ಏನು ಬದಲಾಯಿತು ಅಂತ ಯಾರೂ ಕೇಳುವುದಿಲ್ಲ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೆ ಕೊಡ್ತಾರೆ, ಮಾಡುವ ಗಂಡಸರು 88 ನಿಮಿಷ. ಮಕ್ಕಳ-ಮುದುಕರ ಆರೈಕೆಗೆ ಹೆಂಗಸರು 137, ಗಂಡಸರು 75. ಗಂಡಸರಲ್ಲಿ ಮನೆಗೆಲಸ ಮುಟ್ಟುವವರೇ ಕಮ್ಮಿ, ಇದು ಮುಟ್ಟುವವರ ಸರಾಸರಿ.

ತೋಟದ ಮನೆಯ ದಿನ ಹೇಗೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಹಟ್ಟಿ, ಹಾಲು, ಕೆಲಸದವರಿಗೆ ಹತ್ತು ಗಂಟೆಯ ಚಾ-ತಿಂಡಿ, ಮಧ್ಯಾಹ್ನದ ಊಟ, ಅಡಿಕೆ ಕೊಯ್ಲಿನಲ್ಲಿ ಅಂಗಳದ ಕೆಲಸ, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಅಥವಾ ಮಾವ. ಕೇರಳದಲ್ಲಿ 2021ಕ್ಕೆ ಅಂದಾಜು ನೂರರಲ್ಲಿ 16.5 ಜನ 60 ದಾಟಿದವರು, ಈ ಆರೈಕೆ ಮುಂದೆ ಇನ್ನೂ ಹೆಚ್ಚಾಗುವುದೇ. ಜಾಗ ಗಂಡನ ಅಥವಾ ಮಾವನ ಹೆಸರಿನಲ್ಲಿ. ಬಿಎಡ್, ನರ್ಸಿಂಗ್ ಮುಗಿಸಿದವಳು ಇದನ್ನೆಲ್ಲ ತೂಗಿ ನೋಡಿ ಮಂಗಳೂರಿನಲ್ಲಿ ಕೆಲಸವಿದ್ದವನನ್ನೇ ಒಪ್ತಾಳೆ. ಗಂಡ ಗಲ್ಫಿನಲ್ಲಿದ್ದ ಮನೆಯಲ್ಲಿ ತೊಂದರೆ ಬೇರೆ ತರ. ವರ್ಷಕ್ಕೆ ಒಂದು ತಿಂಗಳು ರಜೆ, ಎರಡನೇ ಮಗು ನಾಲ್ಕೈದು ವರ್ಷ ಮುಂದೆ ಹೋಗ್ತದೆ, ಆಮೇಲೆ ಬೇಡ ಅಂತಲೇ ಆಗ್ತದೆ.

ಕುಟುಂಬ ಯೋಜನೆಯ ಭಾರವೂ ಒಬ್ಬಳ ಮೇಲೆಯೇ. 1971ರ ಜುಲೈಯಲ್ಲಿ ಎರ್ನಾಕುಳಂ ಶಿಬಿರದಲ್ಲಿ ಒಂದೇ ತಿಂಗಳು 60 ಸಾವಿರಕ್ಕೂ ಹೆಚ್ಚು ಗಂಡಸರಿಗೆ ಆಪರೇಶನ್ ಆಗಿತ್ತು, ಇದೇ ಕೇರಳದಲ್ಲಿ. ತುರ್ತುಪರಿಸ್ಥಿತಿಯ ಬಲವಂತದ ನಂತರ ಗಂಡಸರ ಆಪರೇಶನ್ ಅಂದರೆ ವೋಟು ಕಳೆದುಕೊಳ್ಳುವ ಮಾತು ಅಂತ ಎಲ್ಲ ಪಕ್ಷಕ್ಕೂ ಗೊತ್ತಾಯಿತು. 2019–21ರ ಕುಟುಂಬ ಸಮೀಕ್ಷೆಯಲ್ಲಿ ದೇಶದ ದಂಪತಿಗಳ ಪೈಕಿ ಹೆಂಗಸರ ಆಪರೇಶನ್ ಶೇ. 37.9, ಗಂಡಸರದ್ದು ಶೇ. 0.3. ಗಂಡಸರದ್ದು ಹೊಟ್ಟೆ ಕೊಯ್ಯದೆ ಹತ್ತು-ಹದಿನೈದು ನಿಮಿಷದಲ್ಲಿ ಮುಗೀತದೆ, ಮೂರು ತಿಂಗಳು ಬೇರೆ ಮುಂಜಾಗ್ರತೆ ಮಾಡಿ ಆಮೇಲೆ ವೀರ್ಯ ಪರೀಕ್ಷೆ ಮಾಡಿಸಬೇಕು ಅಷ್ಟೇ. ಆದರೂ ‘ಅವರು ದುಡಿಯುವವರು’ ಅಂತ ಹೆಂಡತಿಯೇ ಬರ್ತಾಳೆ. ಧರ್ಮ ಇಲ್ಲಿ ಸ್ವಲ್ಪ ಕೆಲಸ ಮಾಡ್ತದೆ: ಮುಸ್ಲಿಂ ಹೆಂಗಸರಲ್ಲಿ ಆಪರೇಶನ್ ಕಮ್ಮಿ, ಅಂತರ ಇಡುವ ವಿಧಾನಗಳೇ ಹೆಚ್ಚು.

ಜತ್ತ ತಾಲೂಕ

ನಾವು ಮಹಾರಾಷ್ಟ್ರದ ಗಡಿಯಾಗಿನ ಕನ್ನಡ ಮಂದಿ. ನಿಮ್ಮ ಕಡಿ ಹೆರ್ರಿ ಅಂತಾರ, ನಮ್ಮ ಕಡಿ ಮೂರನೇದು ಹೆತ್ತರ ಗ್ರಾಮ ಪಂಚಾಯತಿ ಮೆಂಬರಕಿ ಹೋಗತೈತಿ. 2001ರ ಸೆಪ್ಟೆಂಬರ್ 12ರ ಮ್ಯಾಲೆ ಎರಡಕ್ಕಿಂತ ಹೆಚ್ಚು ಮಕ್ಕಳಾದವ್ರಿಗೆ ಇಲೆಕ್ಷನ್ನಿಗೆ ನಿಲ್ಲಾಕ ಬರೂದಿಲ್ಲ. ಒಂದು ಇದ್ದು ಎರಡನೇ ಬಾಣಂತನದಾಗ ಅವಳಿ ಹುಟ್ಟಿದ್ರ ಮಾತ್ರ ಅವೆರಡನ್ನೂ ಒಂದ ಅಂತ ಹಿಡೀತಾರ. ಮಗೂನ ದತ್ತಕ ಕೊಟ್ಟರ ಪಾರಾಗಬೌದು ಅಂತ ಕೆಲವರು ತಿಳಕೊಂಡಿರತಾರ, ಆಗೂದಿಲ್ಲ. ಹೆತ್ತದ್ದು ಲೆಕ್ಕಕ್ಕ ಬರತೈತಿ ಅಂತ ಒಡಿಶಾದ ಕೇಸಿನಾಗ 2018ರಾಗ ಸುಪ್ರೀಂ ಕೋರ್ಟ್ ಹೇಳೇತಿ. ಈ ಥರದ ಕಾಯ್ದೆ ಸಂವಿಧಾನಕ್ಕ ವಿರುದ್ಧ ಅಲ್ಲ ಅಂತ 2003ರಾಗ ಹರಿಯಾಣದ ಕೇಸಿನಾಗೂ ಹೇಳಿತ್ತು.

ಕಾಯ್ದೆಗೆ ಧರ್ಮ ಇಲ್ಲ, ಆದ್ರ ಪೆಟ್ಟು ಬೀಳೂದು ಹೆಣ್ಣಿಗೆ. ಎಷ್ಟು ಹೆರಬೇಕು ಅಂತ ನಿರ್ಧಾರ ಮಾಡಾವ್ರು ಗಂಡ, ಅತ್ತಿ. ಮೀಸಲಾತಿ ಸೀಟಿನ್ಯಾಗ ಗೆದ್ದಾಕಿ ಸೀಟು ಕಳಕೊಳ್ಳಾಕಿ. ಎರಡೂ ಹೆಣ್ಣಾದ್ರ ಮೂರನೇದಕ್ಕ ಒತ್ತಡ ಬ್ಯಾರೆ, ಮೆಂಬರ್ ಗಂಡಸಿದ್ರ ಕೂಸಿನ ಹೆಸರ ಮುಚ್ಚಿಡೂದು, ಹೆಂಡ್ತೀನ ತವರಿಗೆ ಅಟ್ಟೂದು. ಆಂಧ್ರದಾಗೂ 1994ರ ಕಾಯ್ದೆದಾಗ ಇದ ಇತ್ತು. ದರ 1.7ಕ್ಕ ಇಳಿದ ಮ್ಯಾಲೆ 2024ರ ನವೆಂಬರಿನ್ಯಾಗ ತೆಗೆದು ಹಾಕಿದ್ರು. ಅಲ್ಲಿ ಮದುವಿಯಾದ ಹೆಣ್ಮಕ್ಕಳಾಗ ಸುಮಾರು ನೂರಕ್ಕ 70 ಮಂದೀದು ಆಪರೇಶನ್ ಆಗೇತಿ. ಅವ್ರಿಗೆ ಈಗ ‘ಇನ್ನೊಂದು ಹೆರ್ರಿ’ ಅಂದ್ರ ಏನು ಉಪಯೋಗ ಹೇಳ್ರಿ.

ಎಣ್ಮಕಜೆಯವ

ಎಲ್ಲರಿಗೂ ಉಪಕಾರ. ಧರ್ಮವಾರು ಪಟ್ಟಿ ಕೈಬಿಟ್ಟೆವು. ಇನ್ನೊಂದು ಸಂಶಯ: ‘ಜನಸಂಖ್ಯೆ ತಡೆದದ್ದಕ್ಕೆ ಕೇಂದ್ರ ನಮ್ಮನ್ನು ಶಿಕ್ಷಿಸ್ತಾ ಉಂಟು, ಅದಕ್ಕೇ ಶಾಲೆಗೆ ದುಡ್ಡಿಲ್ಲ’ ಅಂತ ಒಂದು ಪ್ಯಾರಾ ಬರೆದಿದ್ದಾರೆ. ಇಡಬಹುದಾ?

ಲೆಕ್ಕದ ಮಾಷ್

ಅದರಲ್ಲಿ ಅರ್ಧ ಸತ್ಯ ಉಂಟು. ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹಂಚುವ ಸೂತ್ರದಲ್ಲಿ 15ನೇ ಹಣಕಾಸು ಆಯೋಗ 1971ರ ಬದಲು 2011ರ ಜನಸಂಖ್ಯೆ ಹಿಡಿಯಿತು, ತೂಕ ಶೇ. 15. ಫಲವತ್ತತೆ ಇಳಿಸಿದ್ದಕ್ಕೆ ‘ಜನಸಂಖ್ಯಾ ಸಾಧನೆ’ ಅಂತ ಶೇ. 12.5 ಬೇರೆ ಇಟ್ಟಿತು. ಆದರೆ ಶೇ. 45 ತೂಕ ಇದ್ದದ್ದು ಆದಾಯದ ಅಂತರಕ್ಕೆ, ಅಂದರೆ ಬಡ ರಾಜ್ಯಕ್ಕೆ ಹೆಚ್ಚು ಪಾಲು. ಕೇರಳದ ಪಾಲು 2.5ರಿಂದ 1.925ಕ್ಕೆ, ಕರ್ನಾಟಕದ್ದು 4.713ರಿಂದ 3.647ಕ್ಕೆ ಇಳಿದದ್ದರಲ್ಲಿ ಅದರ ಕೈ ದೊಡ್ಡದು. ಕ್ಷೇತ್ರ ವಿಂಗಡಣೆಯ ವಿಷಯ ಬೇರೆ. 1976ರ 42ನೇ ತಿದ್ದುಪಡಿ ರಾಜ್ಯಗಳ ಲೋಕಸಭಾ ಸೀಟುಗಳನ್ನು 1971ರ ಲೆಕ್ಕಕ್ಕೆ ಕಟ್ಟಿ ಹಾಕಿತು, 84ನೇ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದೂಡಿತು. ಹೊಸ ಲೆಕ್ಕ ಹಿಡಿದರೆ ಕೇರಳದ 20 ಸೀಟು ಕಮ್ಮಿಯಾದೀತು ಅನ್ನುವ ಚಿಂತೆ ಅಲ್ಲಿಂದ ಬಂದದ್ದು.

ರಾಜ್ಯದ ಒಳಗೂ ಇದೇ ಕಥೆ. ಕಳೆದ ವಿಂಗಡಣೆಯಲ್ಲಿ ಮಲಪ್ಪುರಂ ಜಿಲ್ಲೆಯ ವಿಧಾನಸಭಾ ಕ್ಷೇತ್ರಗಳ ಸಂಖ್ಯೆ 12ರಿಂದ 16ಕ್ಕೆ ಏರಿತು. 2011ರ ಜನಗಣತಿಯಲ್ಲಿ ಪತ್ತನಂತಿಟ್ಟದ ಜನಸಂಖ್ಯೆ ಹತ್ತು ವರ್ಷ ಹಿಂದಿನದಕ್ಕಿಂತ ಕಮ್ಮಿಯೇ ಆಗಿತ್ತು. ಕಾಸರಗೋಡು ಈ ಎರಡರ ನಡುವೆ. ಇದೆಲ್ಲ ಒಂದು ಎಲ್‌ಪಿ ಶಾಲೆಯ ಮನವಿಯಲ್ಲಿ ಬಂದರೆ ಎಇಒ ಮೊದಲ ಪುಟದಲ್ಲೇ ಓದುವುದು ನಿಲ್ಲಿಸ್ತಾರೆ. ಪ್ಯಾರಾ ತೆಗೆಯಿರಿ.

ಅದರ ಬದಲು ಕೈಯಲ್ಲಿರುವ ಕೆಲಸ ನೋಡಿ. ಮಕ್ಕಳ ಲೆಕ್ಕ ಹಿಡಿಯುವುದು ಜೂನ್‌ನ ಆರನೇ ಕೆಲಸದ ದಿನ. ಅಂದು ಶಿಕ್ಷಣ ಇಲಾಖೆಯ ‘ಸಂಪೂರ್ಣ’ ಪೋರ್ಟಲಿನಲ್ಲಿ ಯುಐಡಿ (ಆಧಾರ್ ಸಂಖ್ಯೆ) ಸರಿ ಅಂತ ತೋರಿಸದ ಮಗು ತರಗತಿಯಲ್ಲಿ ಕೂತಿದ್ದರೂ ಟೀಚರ್ ಹುದ್ದೆಯ ಲೆಕ್ಕಕ್ಕೆ ಬಾರದೆ ಹೋಗಬಹುದು. ಗಡಿಯ ಶಾಲೆಗಳಲ್ಲಿ ಇದು ತಪ್ಪುವುದು ಹೆಚ್ಚಾಗಿ ಹೆಸರಿನಲ್ಲಿ. ಮಂಗಳೂರಿನ ಜನನ ಸರ್ಟಿಫಿಕೇಟಿನಲ್ಲಿ ಒಂದು ಕಾಗುಣಿತ, ಆಧಾರಿನಲ್ಲಿ ಇನ್ನೊಂದು, ಇನಿಷಿಯಲ್ ಹಿಂದೆ-ಮುಂದೆ, ಕೆಲವು ಮಕ್ಕಳಿಗೆ ಆಧಾರೇ ಆಗಿರುವುದಿಲ್ಲ. ಜನನ ದಾಖಲೆ ತಿದ್ದಿಸಬೇಕಿದ್ದರೆ ನೋಂದಣಿಯಾದ ಕಚೇರಿಗೇ ಹೋಗಬೇಕು, ಅಂದರೆ ಮಂಗಳೂರಿಗೆ. ಏಪ್ರಿಲ್ ರಜೆಯಲ್ಲೇ ಅಂಗನವಾಡಿ ಪಟ್ಟಿ ಹಿಡಿದು ಈ ಮಕ್ಕಳ ಮನೆಗೆ ಹೋಗಿ ಕಾಗದ ನೋಡಿ ಬನ್ನಿ. 30ಕ್ಕೆ ಒಬ್ಬರು ಟೀಚರ್ ಅನ್ನುವ ಅನುಪಾತದಲ್ಲಿ 31ನೇ ಮಗು ಇನ್ನೊಂದು ಹುದ್ದೆ.

ಸಬ್‌ಸೆಂಟರ್ ಸಿಸ್ಟರ್

ಹೋಗುವಾಗ ಟೀಚರನ್ನೂ ಕರೆದುಕೊಂಡು ಹೋಗಿ, ಮಾತಾಡುವುದು ತಾಯಿಯ ಹತ್ತಿರ. ಶಾಲೆ ಬಿಡುವ ಹೊತ್ತಿಗೂ ಅವಳ ಕೆಲಸ ಮುಗಿಯುವ ಹೊತ್ತಿಗೂ ನಡುವೆ ಮಗುವನ್ನು ಯಾರು ನೋಡುವುದು ಅಂತ ಅವಳು ಕೇಳ್ತಾಳೆ. ಇಂಗ್ಲಿಷ್ ಶಾಲೆಯ ಬಸ್ಸು ಗೇಟಿನವರೆಗೆ ಬರ್ತದೆ. ನಿಮ್ಮಲ್ಲಿ ಏನು ವ್ಯವಸ್ಥೆ ಉಂಟು ಅಂತ ಮೊದಲೇ ಕಮಿಟಿಯಲ್ಲಿ ತೀರ್ಮಾನ ಮಾಡಿಕೊಂಡು ಹೋಗಿ.